ಪಿಸುಗುಟ್ಟಿದವಳು ನಾನು, ಮಾತ್ರೆ ನಿಂತದ್ದು ಅಮ್ಮನಿಗೆ

ಹಿರಿಯರ ಔಷಧ ಮಂಜೂರಾತಿ ಕಚೇರಿಯ ಮುಖ್ಯಸ್ಥರಿಗೆ

ಮೊಹರನ್ನು ಕೈಯಲ್ಲಿ ಹಿಡಿದು ಕೂತಿರುವ ಮಾನ್ಯರೇ,

ಮೂರು ವಾರದ ಹಿಂದೆ ನಿಮ್ಮ ಕಚೇರಿಯಿಂದ ನಮ್ಮ ಮನೆಗೆ ಒಂದು ಹಾಳೆ ಬಂತು. ಎಪ್ಪತ್ತೊಂಬತ್ತು ವರ್ಷದ ನನ್ನ ಅಮ್ಮ ನೆನಪಿನ ಪರೀಕ್ಷೆಯಲ್ಲಿ ಕಾಪಿ ಮಾಡಿದ್ದಾಳೆ, ಆದ್ದರಿಂದ ಪರೀಕ್ಷೆ ಅಸಿಂಧು, ಅಂಕ ಸೊನ್ನೆ, ದಿನಕ್ಕೊಂದರಂತೆ ಕೊಡುತ್ತಿದ್ದ ಮಾತ್ರೆ ರದ್ದು, ಮತ್ತೆ ಅರ್ಜಿ ಹಾಕಬೇಕೆಂದರೆ ಆರು ತಿಂಗಳು ಕಾಯತಕ್ಕದ್ದು ಎಂಬುದು ಅದರ ಸಾರಾಂಶ. ನಿಮ್ಮ ಭಾಷೆ ಇದಕ್ಕಿಂತ ನಯವಾಗಿದೆ. 'ಆರೈಕೆದಾರರ ಹಸ್ತಕ್ಷೇಪ' ಎಂದು ಬರೆದಿದ್ದೀರಿ. ಆ ಆರೈಕೆದಾರಳು ನಾನೇ. ಉತ್ತರ ಹೇಳಿಕೊಟ್ಟದ್ದೂ ನಾನೇ. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಒಪ್ಪಿಕೊಳ್ಳದೆ ಮುಂದಿನ ಮಾತು ಆಡುವ ಹಾಗಿಲ್ಲ. ಖಾಸಗಿಯಾಗಿ ಎರಡು ಪತ್ರ ಬರೆದೆ. ಎರಡಕ್ಕೂ 'ಸ್ವೀಕರಿಸಲಾಗಿದೆ' ಎಂಬ ಮೊಹರು ಬಂತು, ಉತ್ತರ ಬರಲಿಲ್ಲ. ಮನೆಯಲ್ಲಿ ಈಗ ಹನ್ನೊಂದು ಮಾತ್ರೆ ಉಳಿದಿವೆ. ಆದ್ದರಿಂದ ಈ ಮೂರನೆಯ ಪತ್ರವನ್ನು ನಾಲ್ಕು ಜನ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ. ಅವಸರದಲ್ಲಿ ಬರೆದದ್ದು, ಅಲ್ಲಲ್ಲಿ ಒರಟಾಗಿದ್ದರೆ ಸಹಿಸಿಕೊಳ್ಳಿ. ಸಹಿಸಿಕೊಳ್ಳದಿದ್ದರೂ ನನಗೇನೂ ಬೇಸರವಿಲ್ಲ.

ಅಮ್ಮನ ಕಾಯಿಲೆಯ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ಗೊತ್ತಿಲ್ಲದೆ ನಿಯಮ ಬರೆದಿರಲಾರಿರಿ ಎಂದು ನಂಬುತ್ತೇನೆ. ಓದುತ್ತಿರುವ ಬೇರೆಯವರಿಗಾಗಿ ಹೇಳುತ್ತೇನೆ. ಇದು ರಕ್ತನಾಳದ ತೊಂದರೆಯಿಂದ ಬರುವ ಮರೆವು. ಕಾಗದಪತ್ರಗಳಲ್ಲಿ ವ್ಯಾಸ್ಕ್ಯುಲರ್ ಡಿಮೆನ್ಷಿಯಾ. ಮೆದುಳಿಗೆ ರಕ್ತ ಒಯ್ಯುವ ಸಣ್ಣ ಸಣ್ಣ ನಾಳಗಳು ಒಂದೊಂದಾಗಿ ಕಟ್ಟಿಕೊಳ್ಳುತ್ತವೆ, ಅವು ಸಾಕುತ್ತಿದ್ದ ಜಾಗ ಸತ್ತುಹೋಗುತ್ತದೆ. ಮರೆವಿನ ಕಾಯಿಲೆಗಳಲ್ಲಿ ಹೆಚ್ಚು ಹೆಸರು ಮಾಡಿರುವ ಇನ್ನೊಂದಿದೆಯಲ್ಲ, ಅದು ಇಳಿಜಾರಿನ ಹಾಗೆ ನಿಧಾನವಾಗಿ ಇಳಿಯುತ್ತದಂತೆ. ಅಮ್ಮನದು ಮೆಟ್ಟಿಲು. ನಮ್ಮ ಡಾಕ್ಟರಮ್ಮ ಔಷಧಚೀಟಿಯ ಹಿಂದುಗಡೆ ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿದ್ದರು. ಒಂದು ಮೆಟ್ಟಿಲ ಮೇಲೆ ತಿಂಗಳುಗಟ್ಟಲೆ ನಿಂತಿರುತ್ತಾರೆ, ಏನೂ ಬದಲಾಗುವುದಿಲ್ಲ, ಮನೆಯವರಿಗೆ ಧೈರ್ಯ ಬರುತ್ತದೆ. ಆಮೇಲೊಂದು ದಿನ ಒಳಗೆ ಇನ್ನೊಂದು ನಾಳ ಕಟ್ಟಿಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗ ಒಂದು ಮೆಟ್ಟಿಲು ಕೆಳಗಿರುತ್ತಾರೆ. ಆ ಚೀಟಿಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ನಿಮ್ಮ ನಿಯಮಾವಳಿ ಬರೆಯುವ ದಿನ ಅದು ನಿಮ್ಮ ಮೇಜಿನ ಮೇಲಿರಬೇಕಿತ್ತು.

ಇದಕ್ಕೆ ಔಷಧವೇನು? ಅಮ್ಮನಿಗೆ ದಿನಕ್ಕೆ ಐದು ಮಾತ್ರೆ. ರಕ್ತದೊತ್ತಡಕ್ಕೆ ಎರಡು, ಕೊಬ್ಬಿಗೆ ಒಂದು, ರಕ್ತ ಹೆಪ್ಪುಗಟ್ಟದ ಹಾಗೆ ಒಂದು. ಮುಂದಿನ ಮೆಟ್ಟಿಲನ್ನು ಆದಷ್ಟು ದೂರ ತಳ್ಳುವುದು ಈ ನಾಲ್ಕರ ಕೆಲಸ. ಐದನೆಯದೇ ನಮ್ಮ ನಿಮ್ಮ ಜಗಳದ ಮಾತ್ರೆ. ಮನೆಯಲ್ಲಿ ಅದಕ್ಕೆ ನೆನಪಿನ ಮಾತ್ರೆ ಎನ್ನುತ್ತೇವೆ. ಅಮ್ಮನ ಕಾಯಿಲೆಗೆಂದೇ ಹುಟ್ಟಿದ ಮಾತ್ರೆ ಇಲ್ಲವಂತೆ. ಇದು ಆ ಇನ್ನೊಂದು ಕಾಯಿಲೆಗೆಂದು ತಯಾರಾದದ್ದು. ಅಮ್ಮನಂಥವರಿಗೆ ಕೊಟ್ಟು ನೋಡಿದರೆ ಕೆಲವರಿಗೆ ಕೊಂಚ ಉಪಯೋಗವಾಗುತ್ತದೆ, ಹಲವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ವಾಂತಿ ಭೇದಿ ಶುರುವಾಗಿ ನಾಡಿ ನಿಧಾನವಾಗುತ್ತದೆ. ಡಾಕ್ಟರಮ್ಮ ಮೊದಲ ದಿನವೇ, "ಆಸೆ ಜಾಸ್ತಿ ಇಟ್ಕೋಬೇಡಿ. ಎರಡು ಮೂರು ತಿಂಗಳು ನೋಡೋಣ, ಕೆಲಸ ಮಾಡದಿದ್ರೆ ನಾನೇ ನಿಲ್ಲಿಸ್ತೀನಿ" ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಬೇರೆ ಕಾಯಿಲೆಯ ಮಾತ್ರೆಯಾದ್ದರಿಂದ ನಿಮ್ಮ ವಿಶೇಷ ಮಂಜೂರಾತಿ ಬೇಕು. ಆಸ್ಪತ್ರೆಯ ಕಿಟಕಿಯಲ್ಲಿ ಮಂಜೂರಾತಿ ಸಂಖ್ಯೆ ಹೇಳಿದರೆ ಮಾತ್ರ ಕೊಡುತ್ತಾರೆ, ಹೊರಗಿನ ಔಷಧದಂಗಡಿಗಳು ಇದನ್ನು ಇಡುವಂತೆಯೇ ಇಲ್ಲ. ಈ ಬಿಗಿಗೆ ನನ್ನ ತಕರಾರಿಲ್ಲ. ಕೇಳಿದವರಿಗೆಲ್ಲ ಮಾತ್ರೆ ಹಂಚುವ ಕಾಲದಲ್ಲಿ ಯಾರಾದರೊಬ್ಬರು ತಡೆದು ವಿಚಾರಿಸುವುದು ಒಳ್ಳೆಯದೇ.

ಮೂರು ತಿಂಗಳಲ್ಲಿ ಏನಾಯಿತೆಂದು ಹೇಳುತ್ತೇನೆ. ಅಮ್ಮನಿಗೆ ಹೋದ ನೆನಪು ವಾಪಸು ಬರಲಿಲ್ಲ. ಅಪ್ಪ ತೀರಿಕೊಂಡದ್ದು ಈಗಲೂ ಗೊತ್ತಿಲ್ಲ. ನಾನು ಮಗಳೆಂಬುದು ಒಂದು ದಿನ ಗೊತ್ತಿರುತ್ತದೆ, ಇನ್ನೊಂದು ದಿನ ಇರುವುದಿಲ್ಲ. ಆದರೆ ತಟ್ಟೆಯ ಮುಂದೆ ಚಮಚ ಹಿಡಿದು ಇದೇನು ಎಂಬಂತೆ ತಿರುಗಿಸಿ ನೋಡುತ್ತಾ ಕೂರುತ್ತಿದ್ದವಳು ತಾನಾಗಿ ತಿನ್ನತೊಡಗಿದಳು. ಹಸಿವಾದರೆ ಹಸಿವು ಎಂದಳು. ಗೋಡೆ ಹಿಡಿದುಕೊಂಡು ತಾನೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ಹಾಕಿಕೊಂಡಳು ಎಂಬುದನ್ನು ಬೇಕೆಂದೇ ಇನ್ನೊಮ್ಮೆ ಬರೆಯುತ್ತಿದ್ದೇನೆ. ಹೆತ್ತ ತಾಯಿಯನ್ನು ಬಾಗಿಲು ತೆರೆದಿಟ್ಟುಕೊಂಡು ಕೂರಿಸಿದವರಿಗೆ ಮಾತ್ರ ಇದು ಅರ್ಥವಾದೀತು. ನಿಮ್ಮ ಮೂವತ್ತು ಅಂಕದ ನಮೂನೆಯಲ್ಲಿ ಚಮಚಕ್ಕೆ ಅಂಕವಿಲ್ಲ, ಬಚ್ಚಲಿನ ಬಾಗಿಲಿಗೂ ಇಲ್ಲ.

ಅದೆಲ್ಲ ಮಾತ್ರೆಯಿಂದಲೇ ಆಯಿತೆಂದು ಹೇಗೆ ಹೇಳುತ್ತೀರಿ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ, ನಾನೂ ಕೇಳಿಕೊಂಡಿದ್ದೆ. ಉತ್ತರವನ್ನು ನೀವೇ ಒದಗಿಸಿದಿರಿ. ಕಳೆದ ವರ್ಷ 'ದಾಸ್ತಾನು ಇಲ್ಲ' ಎಂದು ಐದು ವಾರ ಆ ಮಾತ್ರೆ ಬರಲಿಲ್ಲ. ಎರಡನೆಯ ವಾರ ಚಮಚ ಮತ್ತೆ ಕೈಯಲ್ಲಿ ತಿರುಗತೊಡಗಿತು. ಮೂರನೆಯ ವಾರ ಅಮ್ಮನಿಗೆ ಬಚ್ಚಲು ಯಾವುದು, ಕಪಾಟು ಯಾವುದು ತಿಳಿಯದಾಯಿತು. ಸಂಜೆಯಾದರೆ ಮನೆಗೆ ಹೋಗಬೇಕೆಂದು ಮನೆಯೊಳಗೇ ಸುತ್ತುವಳು, ಹಿಡಿಯಲು ಹೋದರೆ ಹೊಡೆಯುವಳು. ಅಂದು ಡಾಕ್ಟರಮ್ಮ ರಜೆಯಲ್ಲಿದ್ದರು. ಅವರ ಬದಲಿಗೆ ಕೂತಿದ್ದವರು ತಲೆಯೆತ್ತದೆ ಒಂದು ಶೀಸೆ ಹನಿ ಔಷಧ ಬರೆದರು. ಸುಮ್ಮನಾಗಿಸುವ ಔಷಧ. ಅದಕ್ಕೆ ಮಂಜೂರಾತಿ ಬೇಡ, ಪರೀಕ್ಷೆ ಬೇಡ, ಅಂಕ ಬೇಡ. ಕಿಟಕಿಯಲ್ಲಿ ಚೀಟಿ ಕೊಟ್ಟ ಅರ್ಧ ನಿಮಿಷದಲ್ಲಿ ಕೈಗೆ ಬಂತು. ಅಮ್ಮ ಸುಮ್ಮನಾದಳು. ನಾಲ್ಕು ದಿನ ಕುರ್ಚಿಯಲ್ಲಿ ಜೊಲ್ಲು ಸುರಿಸುತ್ತಾ ಕೂತಿದ್ದಳು, ಕತ್ತು ಸೆಟೆದುಕೊಂಡಿತು, ಐದನೆಯ ದಿನ ಎದ್ದು ನಿಂತವಳು ಹಾಗೇ ಕುಸಿದು ಹುಬ್ಬು ಒಡೆದುಕೊಂಡಳು. ರಜೆಯಿಂದ ಬಂದ ಡಾಕ್ಟರಮ್ಮ ಆ ಶೀಸೆ ನೋಡಿ ಸಿಡಿಮಿಡಿಗೊಂಡರು. ಮರೆವಿರುವ ಮುದುಕರಿಗೆ ಇಂಥ ಔಷಧದಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ, ನಾಳಗಳೇ ಹಾಳಾಗಿರುವವರಿಗೆ ಅನಿವಾರ್ಯವಾಗದ ಹೊರತು ಕೊಡಲೇಬಾರದು ಎಂದರು. ಆಮೇಲೆ ದಾಸ್ತಾನು ಬಂತು, ನೆನಪಿನ ಮಾತ್ರೆ ಶುರುವಾಯಿತು, ಅಮ್ಮ ಕೊಂಚ ಕೊಂಚವಾಗಿ ಚಮಚಕ್ಕೂ ಬಾಗಿಲಿಗೂ ಮರಳಿದಳು. ಪೂರ್ತಿ ಮರಳಲಿಲ್ಲ. ನಿಮ್ಮ ಉಗ್ರಾಣದ ಐದು ವಾರದ ಅಜಾಗರೂಕತೆಯೇ ನನ್ನ ಮನೆಯಲ್ಲಿ ನಡೆದ ಪ್ರಯೋಗ. ಅದರ ಫಲಿತಾಂಶ ಯಾವ ದಾಖಲೆಯಲ್ಲೂ ಇಲ್ಲ, ನಿಮ್ಮದರಲ್ಲಂತೂ ಇಲ್ಲವೇ ಇಲ್ಲ.

ಈಗ ನಿಮ್ಮ ನಿಯಮಕ್ಕೆ ಬರುತ್ತೇನೆ. ಆರು ತಿಂಗಳಿಗೊಮ್ಮೆ ಪರೀಕ್ಷೆ. ಹಿಂದಿನ ಸಲಕ್ಕಿಂತ ಮೂರಕ್ಕಿಂತ ಹೆಚ್ಚು ಅಂಕ ಇಳಿದರೆ 'ಔಷಧ ನಿಷ್ಫಲವೆಂದು ಪರಿಗಣಿಸಿ ನಿಲ್ಲಿಸತಕ್ಕದ್ದು'. ಇಳಿಜಾರಿನ ಕಾಯಿಲೆಗೆ ಈ ಅಳತೆ ಸರಿಯೋ ಏನೋ, ನನಗೆ ತಿಳಿಯದು. ಮೆಟ್ಟಿಲಿನ ಕಾಯಿಲೆಗೆ? ಪರೀಕ್ಷೆಗೆ ಒಂದು ತಿಂಗಳಿರುವಾಗ ಅಮ್ಮನ ಎಡಗೈಯಿಂದ ಲೋಟ ಜಾರಿಬಿತ್ತು. ಎರಡು ದಿನ ಆ ಕೈ ಸೋತಿತ್ತು, ಮಾತು ತೊದಲಿತು, ಆಮೇಲೆ ಕೈ ಸರಿಯಾಯಿತು. ಸ್ಕ್ಯಾನ್ ನೋಡಿ ಡಾಕ್ಟರಮ್ಮ ಇನ್ನೊಂದು ನಾಳ ಹೋಗಿದೆ ಎಂದರು. ನನಗೆ ಅರ್ಥವಾಯಿತು, ಒಂದು ಮೆಟ್ಟಿಲು ಇಳಿದಾಗಿತ್ತು. ಹಿಂದಿನ ಸಲ ಹದಿನಾರು ಅಂಕ ತೆಗೆದಿದ್ದವಳಿಗೆ ಮನೆಯಲ್ಲೇ ಅದೇ ಪ್ರಶ್ನೆ ಕೇಳಿ ನೋಡಿದೆ, ಹತ್ತು ದಾಟಲಿಲ್ಲ. ಅಂಕ ಇಳಿಸಿದ್ದು ಕಟ್ಟಿಕೊಂಡ ನಾಳ. ತಪ್ಪಿತಸ್ಥನೆಂದು ತೀರ್ಮಾನವಾಗುವುದು ಮಾತ್ರೆ. ಮಳೆಗೆ ಮನೆಯ ಒಂದು ಗೋಡೆ ಬಿತ್ತೆಂದು ಉಳಿದ ಮೂರು ಗೋಡೆಗೆ ಕೊಟ್ಟಿದ್ದ ಆನಿಕೆಯನ್ನೂ ಕಿತ್ತುಕೊಂಡು ಹೋಗುವವರನ್ನು ಏನೆನ್ನಬೇಕು? ಡಾಕ್ಟರಮ್ಮ ಇದನ್ನೆಲ್ಲ ವಿವರಿಸಿ ಬರೆದು ಅರ್ಜಿಯ ಜೊತೆ ಲಗತ್ತಿಸಿದರು. ನಿಮ್ಮ ಕಚೇರಿಯಿಂದ 'ಲಗತ್ತುಗಳನ್ನು ಪರಿಗಣಿಸಲಾಗುವುದಿಲ್ಲ' ಎಂಬ ಉತ್ತರ ಬಂತು.

ಆಗ ನನ್ನ ಬುದ್ಧಿ ಕೆಟ್ಟಿತು. ನಾನು ಕನ್ನಡಕದಂಗಡಿಯವಳು. ಮೂವತ್ತು ವರ್ಷದಿಂದ ಜನರ ಕಣ್ಣು ಪರೀಕ್ಷೆ ಮಾಡಿ ಗಾಜು ಉಜ್ಜಿ ಕೊಡುತ್ತಿದ್ದೇನೆ. ವಾಹನದ ಪರವಾನಗಿಗೆಂದು ಬರುವವರಲ್ಲಿ ಗೋಡೆಯ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಬರುವವರಿಗೆ ಲೆಕ್ಕವಿಲ್ಲ. ನಾನು ಫಲಕವನ್ನು ಬದಲಿಸುತ್ತೇನೆ, ಅವರು ಪೆಚ್ಚಾಗಿ ನಗುತ್ತಾರೆ, ಆಮೇಲೆ ನಿಜವಾದ ನಂಬರು ಸಿಗುತ್ತದೆ. ಬಾಯಿಪಾಠ ಮಾಡಿದ ಅಕ್ಷರ ದೃಷ್ಟಿಯಲ್ಲ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅಂಥ ನಾನೇ ಅಮ್ಮನನ್ನು ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿ, ಅಂಗಡಿಯ ಬಾಗಿಲು ತೆರೆಯುವ ಮುನ್ನ ದಿನಾ ಒಂದು ಗಂಟೆ ನಿಮ್ಮ ಪ್ರಶ್ನೆಪತ್ರಿಕೆ ಉರು ಹೊಡೆಸಿದೆ. ನಿಮ್ಮ ಪ್ರಶ್ನೆ ಒಮ್ಮೆಯೂ ಬದಲಾಗಿರಲಿಲ್ಲ. ಪ್ರತಿ ಸಲವೂ ಜ್ಞಾಪಕದಲ್ಲಿಟ್ಟುಕೊಂಡು ಹೇಳಬೇಕಾದ ಮೂರು ವಸ್ತುಗಳು ಕುರ್ಚಿ, ನಿಂಬೆಹಣ್ಣು, ಬೀಗ. ಇವನ್ನು ಅಮ್ಮನಿಗೆ ನಾನು ಎಷ್ಟು ಸಲ ಹೇಳಿದೆನೆಂದರೆ ಹಿಂದುಗಡೆ ಗಾಜು ಉಜ್ಜುತ್ತಿದ್ದ ನನ್ನ ಯಜಮಾನರು ಊಟಕ್ಕೆ ಕೂತಾಗ ತಾವೇ ಗೊಣಗಿಕೊಳ್ಳತೊಡಗಿದರು. ನೂರರಿಂದ ಏಳೇಳು ಕಳೆಯುತ್ತಾ ಹೋಗುವ ಪ್ರಶ್ನೆಯನ್ನು ಮಾತ್ರ ಉರು ಹೊಡೆಸಬೇಕಾಗಲಿಲ್ಲ. ಅಮ್ಮ ಗಣಿತದ ಟೀಚರು. ತೊಂಬತ್ತಮೂರು, ಎಂಬತ್ತಾರು ಎಂದು ಶುರು ಮಾಡಿದರೆ ನಿಮಗೆ ಬೇಕಾದ ಐದು ಉತ್ತರಕ್ಕೆ ನಿಲ್ಲಿಸದೆ ಎರಡರವರೆಗೂ ಇಳಿದು, ಉಳಿದ ಎರಡನ್ನು ಏನು ಮಾಡಲಿ ಎಂದು ನನ್ನನ್ನೇ ಕೇಳುವಳು.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದದ್ದು ಬೇರೊಂದು. ಅಮ್ಮ ಬರೀ ಟೀಚರಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಪರೀಕ್ಷೆಗಳ ತನಿಖಾ ತಂಡದಲ್ಲಿದ್ದಳು. ಸೂಚನೆಯಿಲ್ಲದೆ ಶಾಲೆಗಳಿಗೆ ನುಗ್ಗಿ ನಕಲು ಹಿಡಿಯುವ ತಂಡ. ಮಕ್ಕಳು ಅವಳಿಗೆ ಇಟ್ಟ ಹೆಸರು ಸ್ಕ್ವಾಡಮ್ಮ. ಅವಳ ಚಪ್ಪಲಿಯ ಸದ್ದು ಮೆಟ್ಟಿಲಲ್ಲಿ ಕೇಳಿದರೆ ಮೇಲಿನ ಮಹಡಿಯ ಕಿಟಕಿಗಳಿಂದ ಚೀಟಿಗಳು ಉದುರುತ್ತಿದ್ದವಂತೆ. ಕೊಠಡಿಗೆ ಕಾಲಿಟ್ಟ ಮೇಲೆ ಅವಳು ಮಕ್ಕಳ ಕೈ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಒಂದು ನಿಮಿಷ ನಿಲ್ಲುತ್ತಿದ್ದಳು. ಪಿಸುಮಾತು ಯಾವ ಬೆಂಚಿನಿಂದ ಬಂತೆಂದು ಕಿವಿಯಲ್ಲೇ ಹಿಡಿಯುವಳು. ಮನೆಯಲ್ಲಿ ನಾನೂ ಅಣ್ಣನೂ ಗುಟ್ಟು ಮಾತಾಡಬೇಕಾದರೆ ಹಿತ್ತಿಲಿಗೆ ಹೋಗಬೇಕಿತ್ತು. ಅಂಥವಳ ಬೆನ್ನ ಹಿಂದೆ ಕೂತು ಪಿಸುಗುಟ್ಟಬಹುದೆಂದು ನಾನು ಲೆಕ್ಕ ಹಾಕಿದೆ. ಮರೆವು ಬಂದಿದೆಯಲ್ಲ, ಅದೂ ಮರೆತಿರುತ್ತಾಳೆ ಎಂದುಕೊಂಡೆ.

ನಿಮ್ಮ ಪರೀಕ್ಷೆಯ ಕೊಠಡಿ ಮೂರನೆಯ ಮಹಡಿಯಲ್ಲಿದೆ, ನೀವು ನೋಡಿರಲಿಕ್ಕಿಲ್ಲ. ಒಂದು ಮೇಜು, ಎದುರುಬದುರು ಎರಡು ಕುರ್ಚಿ, ಗೋಡೆಗೆ ಒತ್ತಿ ಇನ್ನೊಂದು. ಗೋಡೆಯ ಕುರ್ಚಿ ನನಗೆ. ಪರೀಕ್ಷಕಿ ನಲವತ್ತರ ಆಸುಪಾಸಿನವರು, ಮೃದು ಮಾತಿನವರು. ಅವರ ಕನ್ನಡಕದ ಒಂದು ಕಡ್ಡಿ ಸಡಿಲವಾಗಿ ಜಾರುತ್ತಿತ್ತು, ನನ್ನ ಬೆರಳು ಸರಿಪಡಿಸಲು ತವಕಿಸುತ್ತಿತ್ತು. ಮೊದಲನೆಯ ಪ್ರಶ್ನೆ, ಇದು ಯಾವ ವರ್ಷ. ಅಮ್ಮ ಮೂವತ್ತು ವರ್ಷ ಹಿಂದಿನ ಒಂದು ಇಸವಿಯನ್ನು ಧೈರ್ಯವಾಗಿ ಹೇಳಿದಳು. ನಾನು ಕುರ್ಚಿಯ ತುದಿಗೆ ಸರಿದೆ. ಎರಡನೆಯದು ಯಾವ ತಿಂಗಳು. ಅಮ್ಮ ಕಿಟಕಿಯ ಕಡೆ ನೋಡಿದಳು, ಮೇಜಿನ ಮೇಲೆ ನೋಡಿದಳು, ಉತ್ತರ ಬರಲಿಲ್ಲ. ನಾನು ಬಾಯಿಗೆ ಕೈ ಅಡ್ಡ ಹಿಡಿದು ತಿಂಗಳ ಹೆಸರು ಉಸುರಿದೆ. ಅಮ್ಮ ಅದನ್ನೇ ಹೇಳಿದಳು. ಪರೀಕ್ಷಕಿ ಒಂದು ಅಂಕ ಬರೆದುಕೊಂಡರು. ಬದುಕಿದೆ ಎಂದುಕೊಂಡೆ. ಮೂರನೆಯದು, ಇವತ್ತು ಯಾವ ವಾರ. ಗುರುವಾರ ಎಂದು ಉಸುರಿದೆ.

ಅಮ್ಮನ ಬೆನ್ನು ನೆಟ್ಟಗಾಯಿತು. ಮೇಜಿನ ಅಂಚು ಹಿಡಿದು ನಿಧಾನವಾಗಿ ಎದ್ದು ನಿಂತಳು. ಬೀಳುತ್ತಾಳೆಂದು ನಾನೂ ಎದ್ದೆ. ಅವಳು ಒಂದು ಕೈ ಮೇಲೆತ್ತಿ ನನ್ನನ್ನು ಅಲ್ಲೇ ತಡೆದಳು. ಹಾಗೆ ಎತ್ತಿದ ಆ ಕೈಯನ್ನು ಕಾಯಿಲೆ ಬಂದ ಈ ಎಂಟು ವರ್ಷದಲ್ಲಿ ನಾನು ನೋಡಿರಲಿಲ್ಲ.

"ಮೇಡಂ, ಪೆನ್ನು ಕೆಳಗಿಡಿ. ಹಿಂದೆ ಕೂತಿರೋ ಹುಡುಗಿ ಉತ್ತರ ಹೇಳ್ಕೊಡ್ತಿದ್ದಾಳೆ. ಎರಡನೇ ಉತ್ತರ ನಂದಲ್ಲ, ಅದನ್ನ ಹೊಡೆದುಹಾಕಿ."

ಪರೀಕ್ಷಕಿ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅಮ್ಮ ಮೇಜು ಬಿಡದೆ ಪೂರ್ತಿ ತಿರುಗಿ ನನ್ನ ಕಡೆ ಬಗ್ಗಿದಳು. ನಾನು ಯಾರೆಂಬುದು ಅವಳ ಕಣ್ಣಲ್ಲಿರಲಿಲ್ಲ. ಆದರೆ ಸಿಟ್ಟೂ ಇರಲಿಲ್ಲ.

"ಯಾವ ಸ್ಕೂಲಮ್ಮ ನಿಂದು? ಹೆದರ್ಕೋಬೇಡ. ಹೊರಗೆ ಹೋಗಿ ಕೂತ್ಕೋ, ಆಮೇಲೆ ಮಾತಾಡೋಣ."

ಐವತ್ತಮೂರು ವರ್ಷದ ನಾನು ಹೊರಗೆ ಹೋಗಿ ಪಡಸಾಲೆಯ ಬೆಂಚಿನ ಮೇಲೆ ಕೂತು ಅತ್ತೆ. ನಾಚಿಕೆಗೆ ಅತ್ತೆನೋ ಸಂತೋಷಕ್ಕೋ ಹೇಳಲಾರೆ. ಒಂದು ನಿಮಿಷದ ಹಿಂದೆ ಕೊಟ್ಟ ಉತ್ತರ ತನ್ನದಲ್ಲವೆಂದು ಅವಳಿಗೆ ನೆನಪಿತ್ತು. ಅದು ತನಗೆ ಸಲ್ಲಬಾರದೆಂದು ತಿಳಿದಿತ್ತು. ಯಾರೂ ಕೇಳದೆ ಎದ್ದು ನಿಂತು, ತಪ್ಪು ಯಾರದೆಂದು ಬೆರಳು ಮಾಡಿ ತೋರಿಸಿ, ತಪ್ಪು ಮಾಡಿದವಳಿಗೆ ಧೈರ್ಯವನ್ನೂ ಹೇಳಿದಳು. ಮಾನ್ಯರೇ, ಇದಕ್ಕೆ ಎಷ್ಟು ಅಂಕ? ನಿಮ್ಮ ಕಚೇರಿಯಲ್ಲಿ ನೆನಪು ಸರಿಯಿರುವ ಎಷ್ಟು ಜನ ಈ ಪರೀಕ್ಷೆಯಲ್ಲಿ ಪಾಸಾಗುತ್ತಾರೆ?

ನಿಮ್ಮ ಹಾಳೆಯಲ್ಲಿ ಅದಕ್ಕೂ ಒಂದು ಹೆಸರಿದೆ ಎಂದು ಆಮೇಲೆ ತಿಳಿಯಿತು. 'ರೋಗಿಯು ಪರೀಕ್ಷೆಯ ನಡುವೆ ಎದ್ದು ನಿಂತು ಆರೋಪ ಮಾಡಿದ್ದು, ಉದ್ವೇಗ ಮತ್ತು ಅಸಹಕಾರ ಕಂಡುಬಂದಿದೆ.' ಪರೀಕ್ಷಕಿಯನ್ನು ನಾನು ದೂರುವುದಿಲ್ಲ. ಅವರು ಪಡಸಾಲೆಗೆ ಬಂದು ನನ್ನ ಪಕ್ಕ ಕೂತು, ಏನು ಬರೆಯಬೇಕೆಂದು ತಮಗೂ ತೋಚಲಿಲ್ಲ, ಇರುವ ಕಾಲಮ್ಮುಗಳಲ್ಲಿ ಅದೊಂದೇ ಹತ್ತಿರವಾಗಿ ಕಂಡಿತು ಎಂದು ಪೇಚಾಡಿಕೊಂಡರು. ಅವರ ಕನ್ನಡಕದ ಕಡ್ಡಿಯನ್ನು ನಾನು ಅಲ್ಲೇ ಬಿಗಿ ಮಾಡಿಕೊಟ್ಟೆ. ಇದನ್ನೂ ಹಸ್ತಕ್ಷೇಪವೆಂದು ಪರಿಗಣಿಸುವುದಾದರೆ ಪರಿಗಣಿಸಿ. ಆದರೆ ಆ ಕಾಲಮ್ಮಿಗೆ ಬಿದ್ದ ಒಂದು ಗುರುತಿನ ಫಲ ನೋಡಿ. ರದ್ದತಿಯ ಆದೇಶದ ಜೊತೆಗೇ ಇನ್ನೊಂದು ಚೀಟಿ ಬಂತು. 'ಉದ್ವೇಗ ಶಮನಕ್ಕಾಗಿ' ಅದೇ ಹನಿ ಔಷಧ, ದಿನಕ್ಕೆರಡು ಸಲ. ಮಂಜೂರಾತಿ ಅಗತ್ಯವಿಲ್ಲ.

ಇದನ್ನು ನಾನು ಎರಡು ಸಲ ಓದಿದೆ, ಯಜಮಾನರಿಗೆ ಕೊಟ್ಟು ಅವರಿಂದಲೂ ಓದಿಸಿದೆ. ಕೊಂಚವಾದರೂ ಉಪಯೋಗವಾಗುತ್ತಿರುವ ಮಾತ್ರೆ ಬೇಕೆಂದರೆ ಎಪ್ಪತ್ತೊಂಬತ್ತರ ಮುದುಕಿ ಮೂರು ಮಹಡಿ ಹತ್ತಿ ಮೂವತ್ತು ಅಂಕದ ಪರೀಕ್ಷೆ ಬರೆಯಬೇಕು. ಹಿಂದೆ ಅವಳನ್ನು ಕೆಡವಿ ಹುಬ್ಬು ಒಡೆದ, ಅವಳ ನಾಳಗಳಿಗೆ ಅಪಾಯವೆಂದು ಅವಳ ವೈದ್ಯೆಯೇ ನಿಲ್ಲಿಸಿದ ಔಷಧ ಕೇಳದಿದ್ದರೂ ಬರುತ್ತದೆ. ಎಚ್ಚರವಾಗಿರಲು ಅನುಮತಿ ಬೇಕು, ತೂಕಡಿಸಲು ಬೇಡ. ನಿಮ್ಮ ಕಟ್ಟುನಿಟ್ಟು ನಿಜವಾಗಿಯೂ ರೋಗಿಯ ಒಳಿತಿಗೇ ಆಗಿದ್ದರೆ ಆ ಶೀಸೆಯ ಬಾಯಿಗೂ ಒಂದು ನಮೂನೆ ಅಂಟಿಸಬೇಕಿತ್ತಲ್ಲವೇ? ಅದಕ್ಕೂ ಆರು ವಾರಕ್ಕೊಮ್ಮೆ ಯಾರಾದರೂ ಮನೆಗೆ ಬಂದು, ಇವರು ನಡೆಯುತ್ತಿದ್ದಾರೆಯೇ, ನುಂಗುತ್ತಿದ್ದಾರೆಯೇ, ಇದು ಇನ್ನೂ ಬೇಕೇ ಎಂದು ಕೇಳಬೇಕಿತ್ತಲ್ಲವೇ? ಕೇಳುವುದಿಲ್ಲ, ಯಾಕೆಂದರೆ ತೂಕಡಿಸುವವರು ಎದ್ದು ನಿಂತು ಆರೋಪ ಮಾಡುವುದಿಲ್ಲ. ಆ ಶೀಸೆ ಈಗ ನನ್ನ ಅಂಗಡಿಯ ಡ್ರಾಯರಿನಲ್ಲಿದೆ. ಕೀಲಿ ನನ್ನ ಕತ್ತಿನಲ್ಲಿದೆ. ಹನ್ನೊಂದು ಮಾತ್ರೆ ಮುಗಿದು ಎರಡು ಮೂರು ವಾರವಾದ ಮೇಲೆ ಅಮ್ಮ ಮನೆಯೊಳಗೇ ಮನೆ ಹುಡುಕತೊಡಗಿದಾಗ, ಅಕ್ಕಪಕ್ಕದವರೂ ನೆಂಟರೂ ಒಂದೆರಡು ಹನಿ ಹಾಕಬಾರದೇ ಎಂದು ಬುದ್ಧಿ ಹೇಳತೊಡಗಿದಾಗ, ನನಗೇ ಕೈ ಸೋತುಹೋದಾಗ, ಆ ಕೀಲಿ ಎಷ್ಟು ದಿನ ನನ್ನ ಕತ್ತಿನಲ್ಲಿರುತ್ತದೆಂದು ನನಗೆ ಭಯವಾಗುತ್ತದೆ. ಈ ಪತ್ರದ ಹಿಂದಿರುವುದು ಆ ಭಯವೇ.

ಕಿಟಕಿಯಲ್ಲಿ ಕೇಳಿ ನೋಡಿದೆ. ಅಲ್ಲಿನ ಗುಮಾಸ್ತರು ಒಳ್ಳೆಯವರೇ. "ಸಿಸ್ಟಂ ತಗೊಳ್ತಾ ಇಲ್ಲಮ್ಮ, ನಂಬರ್ ಹಾಕಿದ್ರೆ ಕೆಂಪು ಬರ್ತಿದೆ" ಎಂದು ಪರದೆಯನ್ನೇ ನನ್ನ ಕಡೆ ತಿರುಗಿಸಿ ತೋರಿಸಿದರು. ಡಾಕ್ಟರಮ್ಮನಲ್ಲಿ ಹೋದೆ. ಅವರು ಮೊದಲು ನನಗೆ ಚೆನ್ನಾಗಿ ಬೈದರು. ನಾನು ಸುಳ್ಳು ಅಂಕ ಕೊಡಿಸಿದ್ದರೆ ಅಮ್ಮ ಎಲ್ಲಿದ್ದಾಳೆಂಬುದೇ ತಮಗೆ ತಿಳಿಯುತ್ತಿರಲಿಲ್ಲ, ನಾಡಿ ನಿಧಾನವಾದರೂ ಮಾತ್ರೆ ಕೆಲಸ ಮಾಡುತ್ತಿದೆ ಎಂದು ತಾವು ಅದನ್ನೇ ಮುಂದುವರಿಸಿಬಿಡುತ್ತಿದ್ದುದಾಗಿ ಹೇಳಿದರು. ಅವರ ಬೈಗುಳ ನ್ಯಾಯವಾದದ್ದು, ತಲೆ ತಗ್ಗಿಸಿ ಕೇಳಿಸಿಕೊಂಡೆ. ಆಮೇಲೆ ನಿಮಗೆ ಮತ್ತೊಂದು ಪತ್ರ ಬರೆದರು. ಅದಕ್ಕೂ ಬಂದದ್ದು 'ಸ್ವೀಕರಿಸಲಾಗಿದೆ' ಎಂಬ ಮೊಹರೇ ಎಂದು ನಿಮಗೇ ಗೊತ್ತಿದೆ.

ನನ್ನ ಅಂಗಡಿಯ ಮಾತು ಇನ್ನೊಂದಿದೆ. ಗೋಡೆಯ ಅಕ್ಷರ ಬಾಯಿಪಾಠ ಮಾಡಿ ಬಂದವನನ್ನು ನಾನು ಹಿಡಿಯುತ್ತೇನೆ, ಗದರುತ್ತೇನೆ, ಪರವಾನಗಿಯ ಕಾಗದಕ್ಕೆ ಸಹಿ ಹಾಕುವುದಿಲ್ಲ. ಆದರೆ ಕನ್ನಡಕ ಕೊಡುತ್ತೇನೆ. ಮೋಸ ಮಾಡಿದೆ, ಇನ್ನು ಆರು ತಿಂಗಳು ಕುರುಡಾಗಿರು ಎಂದು ಕಳಿಸಿದರೆ ನನ್ನ ಅಂಗಡಿಗೆ ಜನ ಕಲ್ಲು ಹೊಡೆದಾರು. ಇನ್ನು ಅವನ ಬದಲಿಗೆ ಅವನ ಪಕ್ಕದಲ್ಲಿ ಸುಮ್ಮನೆ ಕೂತಿದ್ದ ಮುದುಕಿಯ ಕನ್ನಡಕ ಕಿತ್ತುಕೊಂಡರೆ? ನೀವು ಮಾಡಿರುವುದು ಅದನ್ನೇ.

ಅಮ್ಮನ ಕಾಲದ ಒಂದು ಪ್ರಸಂಗ ಹೇಳುತ್ತೇನೆ. ಚಿಕ್ಕವಳಾಗಿದ್ದಾಗ ನಾನು ಊಟದ ಹೊತ್ತಿನಲ್ಲಿ ಎಷ್ಟೋ ಸಲ ಕೇಳಿದ್ದು. ಒಂದು ಶಾಲೆಯಲ್ಲಿ ಹುಡುಗಿಯೊಬ್ಬಳ ಅಪ್ಪ ಕಿಟಕಿಯಿಂದ ಚೀಟಿ ಎಸೆದ. ಅದು ಆ ಹುಡುಗಿಯ ಕಾಲ ಬಳಿ ಬಿತ್ತು. ಅವಳು ಬಗ್ಗುವ ಮೊದಲೇ ಅಮ್ಮ ಎತ್ತಿಕೊಂಡಳು. ನಿಯಮದ ಪ್ರಕಾರ ಹುಡುಗಿಯನ್ನು ಹೊರಗೆ ಹಾಕಬೇಕು, ವರ್ಷ ಕಳೆದುಕೊಳ್ಳಬೇಕು. ಮುಖ್ಯೋಪಾಧ್ಯಾಯರು ಅದಕ್ಕೆ ಕಾಗದ ಹಿಡಿದು ನಿಂತಿದ್ದರು. ಅಮ್ಮ ಹೇಳಿದ್ದು ಇಷ್ಟು: "ಚೀಟಿ ಎಸೆದೋರು ಹೊರಗಿದ್ದಾರೆ, ಅವರನ್ನ ಹಿಡೀರಿ. ಇವಳಿಗೆ ಹೊಸ ಹಾಳೆ ಕೊಡಿ, ಹೋದ ಟೈಮೂ ಕೊಡಿ." ವರದಿಯಲ್ಲಿ ಅಪ್ಪನ ಹೆಸರು ಬರೆದಳು, ಹುಡುಗಿಯ ಹೆಸರು ಬರೆಯಲಿಲ್ಲ. ಮೇಲಿನವರಿಂದ ವಿವರಣೆ ಕೇಳಿ ಪತ್ರ ಬಂತು. ನಿಯಮ ನನಗೂ ಓದಲು ಬರುತ್ತದೆ, ತಪ್ಪು ಯಾರದೆಂದು ನೋಡಲೂ ಬರುತ್ತದೆ ಎಂದು ಉತ್ತರ ಕೊಟ್ಟಳು. ಅವಳ ಕೆಲಸವೇನೂ ಹೋಗಲಿಲ್ಲ. ನಿಮ್ಮದೂ ಹೋಗುವುದಿಲ್ಲ.

ನಾನು ಬೇಡಿಕೊಳ್ಳುತ್ತಿಲ್ಲ, ಕೇಳುತ್ತಿದ್ದೇನೆ. ಕಿಟಕಿಯಿಂದ ಚೀಟಿ ಎಸೆದವಳು ನಾನು. ನನಗೆ ಏನು ಶಿಕ್ಷೆ ಬೇಕೋ ವಿಧಿಸಿ. ಮುಂದೆ ಯಾವ ಪರೀಕ್ಷೆಗೂ ಆ ಕಟ್ಟಡದೊಳಗೆ ಕಾಲಿಡಬಾರದೆಂದರೆ ರಸ್ತೆಯಲ್ಲಿ ನಿಲ್ಲುತ್ತೇನೆ. ಅಮ್ಮನಿಗೆ ಹೊಸ ಹಾಳೆ ಕೊಡಿ. ಅಲ್ಲಿಯವರೆಗೆ ಮಾತ್ರೆ ನಿಲ್ಲದ ಹಾಗೆ ಇವತ್ತೇ ಆ ಕೆಂಪನ್ನು ತೆಗೆಸಿ. ಹೊಸ ಹಾಳೆಯಲ್ಲಿ ಅವಳು ಇಳಿದ ಮೆಟ್ಟಿಲನ್ನು ಮಾತ್ರೆಯ ತಲೆಗೆ ಕಟ್ಟಬೇಡಿ. ನಿಂತಿರುವ ಮೆಟ್ಟಿಲ ಮೇಲೆ ಏನು ಮಾಡಬಲ್ಲಳೆಂದು ನೋಡಿ, ಅವಳನ್ನು ದಿನಾ ನೋಡುವವರನ್ನು ಕೇಳಿ, ಡಾಕ್ಟರಮ್ಮನ ಲಗತ್ತನ್ನು ಓದಿ. ಮಾತ್ರೆಯಿಂದ ಇನ್ನು ಉಪಯೋಗವಿಲ್ಲವೆಂದು ಆ ವೈದ್ಯೆ ಹೇಳಿದ ದಿನ ನಾನೇ ತಂದು ನಿಮ್ಮ ಕಿಟಕಿಯಲ್ಲಿ ವಾಪಸು ಕೊಡುತ್ತೇನೆ. ಹನಿ ಔಷಧದ ಚೀಟಿಯನ್ನು ರದ್ದು ಮಾಡಿ. ಬೇರೆ ಮನೆಗಳಲ್ಲಿ ತೂಕಡಿಸುತ್ತಿರುವವರ ಚೀಟಿಗಳನ್ನೂ ಒಮ್ಮೆ ತೆರೆದು ನೋಡಿ.

ದಿನಾ ಬೆಳಿಗ್ಗೆ ಮುಖ ತೊಳೆದಾದ ಮೇಲೆ ಅಮ್ಮ ಮೇಜಿನ ಮುಂದೆ ಕೂತು ಅಂಗೈ ಚಾಚುತ್ತಾಳೆ. ನಾನು ಯಾರೆಂದು ಗೊತ್ತಿರುವ ದಿನವೂ ಚಾಚುತ್ತಾಳೆ, ಗೊತ್ತಿಲ್ಲದ ದಿನವೂ. ಐದು ಮಾತ್ರೆಗಳನ್ನು ಇನ್ನೊಂದು ಕೈಯ ಬೆರಳಿನಿಂದ ಸರಿಸಿ ಎಣಿಸಿ ನೋಡಿಯೇ ನುಂಗುವುದು. ಹಿಂದೆ ದಾಸ್ತಾನು ಇಲ್ಲದ ದಿನಗಳಲ್ಲಿ ನಾಲ್ಕು ಇಟ್ಟಾಗ, "ಒಂದು ಕಮ್ಮಿ ಇದೆ" ಎಂದು ಕೈ ಹಿಂತೆಗೆಯದೆ ಕಾದಿದ್ದಳು. ನಾನು ಇಲ್ಲಮ್ಮ, ನಾಲ್ಕೇ ಎಂದು ಸುಳ್ಳು ಹೇಳಿ ನುಂಗಿಸಿದೆ. ಇನ್ನು ಅವಳಿಗೆ ತಪ್ಪು ಉತ್ತರ ಹೇಳಿಕೊಡುವುದಿಲ್ಲವೆಂದು ಪಡಸಾಲೆಯ ಬೆಂಚಿನ ಮೇಲೆ ಕೂತಾಗ ತೀರ್ಮಾನಿಸಿದ್ದೇನೆ. ನಾಳೆಯಿಂದ ಹನ್ನೆರಡನೆಯ ಬೆಳಿಗ್ಗೆ ಅವಳು ಒಂದು ಕಮ್ಮಿ ಇದೆ ಎಂದು ಕೈ ಚಾಚಿ ಕೂತಿರುತ್ತಾಳೆ. ಅದಕ್ಕೆ ಉತ್ತರವನ್ನು ನೀವೇ ನಿಮ್ಮ ಕೈಬರಹದಲ್ಲಿ ಬರೆದು, ಸಹಿ ಹಾಕಿ ಕಳಿಸಿ. ನಾನು ಅವಳಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ.

ಇಂತಿ,
ಪರೀಕ್ಷಾ ಕೊಠಡಿಯಿಂದ ಹೊರಗೆ ಹಾಕಿಸಿಕೊಂಡ
ಐವತ್ತಮೂರು ವರ್ಷದ ಹುಡುಗಿ